ಕೌಂಟರ್ ಒಂದನ್ನು ಬಿಟ್ಟು

ಹಳೆಯ ಕನ್ನಡ ಸಿನಿಮಾಗಳ ಟೈಟಲ್ ಕಾರ್ಡ್ ಓದುವ ಚಟ ಇದ್ದವರಿಗೆ ಚೆನ್ನೈನ ವಡಪಳನಿ ಗೊತ್ತಿಲ್ಲದ ಜಾಗವಲ್ಲ. ರಾಜ್‌ಕುಮಾರ್ ನಾಯಕನಾಗಿ ಬಂದ ‘ಬೇಡರ ಕಣ್ಣಪ್ಪ’ದ (1954) ಹಿಂದಿದ್ದ ಎವಿಎಂ ಸ್ಟುಡಿಯೊ ಇಲ್ಲಿಯದು. ಕನ್ನಡ ಚಿತ್ರರಂಗ ಬೆಂಗಳೂರಿಗೆ ಗಂಟುಮೂಟೆ ಕಟ್ಟುವ ತನಕ ನಮ್ಮ ನಟರು, ತಂತ್ರಜ್ಞರು ಕಾಲು ಸವೆಸಿದ್ದು ಕೋಡಂಬಾಕ್ಕಂ, ವಡಪಳನಿಯ ಬೀದಿಗಳಲ್ಲೇ. ‘ಮಾಯಾ ಬಜಾರ್’ ತೆಗೆದ ವಿಜಯಾ ಸಂಸ್ಥೆಯ ಬಿ. ನಾಗಿರೆಡ್ಡಿ 1972ರಲ್ಲಿ ಇಲ್ಲಿಯೇ ವಿಜಯಾ ಆಸ್ಪತ್ರೆ ಕಟ್ಟಿಸಿದರು. ಆಮೇಲೆ ನೂರಡಿ ರಸ್ತೆಗೆ ಎಸ್‌ಆರ್‌ಎಂ ಸಮೂಹದ ಸಿಮ್ಸ್ ಆಸ್ಪತ್ರೆ ಬಂತು. ಸುತ್ತಮುತ್ತ ಲ್ಯಾಬು, ಸ್ಕ್ಯಾನ್ ಸೆಂಟರು, ಚಿಕ್ಕಪುಟ್ಟ ನರ್ಸಿಂಗ್ ಹೋಮುಗಳು ತಲೆ ಎತ್ತಿದವು. ಮುರುಗನ್ ಗುಡಿಗೆ ಬಂದವರಿಗೆ ಹೂವಿನಂಗಡಿ ಇದ್ದ ಹಾಗೆ, ಆಸ್ಪತ್ರೆಗೆ ಬಂದವರಿಗೆ ಮೆಡಿಕಲ್ ಶಾಪುಗಳು.

ರಾತ್ರಿ ಎಂಟರ ಹೊತ್ತಿಗೆ ಆರ್ಕಾಟ್ ರಸ್ತೆಯ ಯಾವುದೇ ಮೆಡಿಕಲ್ ಶಾಪಿನ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಫಾರ್ಮಸಿ ಎಂಬ ವೃತ್ತಿಯ ಕಥೆಯೆಲ್ಲ ಕಣ್ಣೆದುರಿಗೇ ನಡೆಯುತ್ತದೆ. ಒಳಗೆ ಇಬ್ಬರು ಹುಡುಗರು. ಒಬ್ಬ ಚೀಟಿ ಇಸಿದುಕೊಂಡು ಎರಡು ಸೆಕೆಂಡು ಕಣ್ಣಾಡಿಸಿ ಹಿಂದಿನ ರ್‍ಯಾಕಿಗೆ ಕೈ ಹಾಕುತ್ತಾನೆ. ಇನ್ನೊಬ್ಬ ಬಿಲ್ಲಿನ ಕಂಪ್ಯೂಟರಿನಲ್ಲಿ ಮುಳುಗಿದ್ದಾನೆ. ಗಿರಾಕಿಗೆ ಹತ್ತು ಮಾತ್ರೆಯ ಪಟ್ಟಿ ಬೇಡ, ನಾಲ್ಕೇ ಸಾಕು. ಕತ್ತರಿ ಕಚಕ್ಕೆನ್ನುತ್ತದೆ. ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖು ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ನಾಲ್ಕು ಮಾತ್ರೆಗಳು ಹೆಸರಿನ ಅರ್ಧಂಬರ್ಧ ಅಕ್ಷರ ಹೊತ್ತು ಸಣ್ಣ ಕಾಗದದ ಕವರಿಗೆ ಇಳಿಯುತ್ತವೆ. ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ‘1–0–1’. ಊಟಕ್ಕೆ ಮುಂಚೆಯೋ ಆಮೇಲೋ, ಬಿಪಿ ಮಾತ್ರೆಯ ಜತೆ ಇದನ್ನು ನುಂಗಬಹುದೋ, ಹೊಟ್ಟೆ ಕೆಟ್ಟರೆ ನಿಲ್ಲಿಸಬೇಕೋ, ಹೇಳುವವರಿಲ್ಲ. ಕೇಳುವವರೂ ಇಲ್ಲ, ಹಿಂದೆ ಇನ್ನೂ ಆರು ಜನ ಕೈ ಚಾಚಿ ನಿಂತಿದ್ದಾರೆ.

ಬಿಲ್ಲಿನ ಕಂಪ್ಯೂಟರಿನ ಮೇಲ್ಗಡೆ, ದೇವರ ಪಟದ ಪಕ್ಕ, ಚೌಕಟ್ಟು ಹಾಕಿದ ಕಾಗದಗಳು ನೇತಾಡುತ್ತಿರುತ್ತವೆ. ಒಂದು ಔಷಧ ನಿಯಂತ್ರಣ ಇಲಾಖೆ ಕೊಟ್ಟ ಲೈಸೆನ್ಸು, ಇನ್ನೊಂದು ನೋಂದಾಯಿತ ಫಾರ್ಮಸಿಸ್ಟರ ಸರ್ಟಿಫಿಕೇಟು. ವೈದ್ಯರ ಚೀಟಿಯ ಮೇಲೆ ಔಷಧಿ ಕೊಡುವುದಾದರೆ ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು, ಇಲ್ಲವೇ ಅವರ ಕಣ್ಣೆದುರೇ ಕೊಡಬೇಕು ಎನ್ನುತ್ತದೆ ಕಾನೂನು. 1945ರ ಔಷಧ ನಿಯಮಗಳಲ್ಲೂ ಇದೆ, 1948ರ ಫಾರ್ಮಸಿ ಕಾಯಿದೆಯ 42ನೇ ಕಲಮಿನಲ್ಲೂ ಇದೆ. ಚೌಕಟ್ಟಿನೊಳಗಿನ ಹೆಸರಿನವರು ಅಂಗಡಿಯಲ್ಲಿ ಇದ್ದಾರೋ ಇಲ್ಲವೋ ಎಂಬುದು ಬೇರೆ ಮಾತು. ಸರ್ಟಿಫಿಕೇಟನ್ನು ತಿಂಗಳ ಬಾಡಿಗೆಗೆ ಕೊಟ್ಟು ತಾವು ಇನ್ನೆಲ್ಲೋ ಕೆಲಸಕ್ಕೆ ಹೋಗುವ ಪದ್ಧತಿ ಈ ವೃತ್ತಿಯ ಬಹಿರಂಗ ಗುಟ್ಟು. ಚೆನ್ನೈಗಷ್ಟೇ ಸೀಮಿತವೂ ಅಲ್ಲ, ಚಿಕ್ಕಮಗಳೂರಿನಲ್ಲೂ ಉಂಟು, ಚಾಮರಾಜನಗರದಲ್ಲೂ ಉಂಟು.

ಫಾರ್ಮಸಿ ಓದುವ ಹುಡುಗ ಹುಡುಗಿಯರು ಇದನ್ನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ನೋಡಿರುತ್ತಾರೆ. ವಡಪಳನಿಯಿಂದ ಪಡುವಣಕ್ಕೆ ಹೊರಟರೆ ಪೋರೂರಿನ ಶ್ರೀ ರಾಮಚಂದ್ರ, ದಕ್ಷಿಣಕ್ಕೆ ಪಲ್ಲಾವರಂನ ವೇಲ್ಸ್, ಪೇಟೆಯ ನಡುವೆ ಮದ್ರಾಸ್ ಮೆಡಿಕಲ್ ಕಾಲೇಜು. ಎಲ್ಲ ಕಡೆಯೂ ಫಾರ್ಮಸಿ ಕಲಿಸುತ್ತಾರೆ. ಬೆಳಗ್ಗೆ ಮೆಟ್ರೊ ಇಳಿದು, ಎರಡನೇ ಹಂತದ ಮೆಟ್ರೊ ಕಾಮಗಾರಿಯ ಧೂಳು ಕುಡಿಯುತ್ತ ಬಸ್ಸಿಗೆ ಕಾಯುವ ಗುಂಪಿನಲ್ಲಿ ಬಿಳಿ ಕೋಟು ಮಡಚಿ ಕೈಯಲ್ಲಿ ಹಿಡಿದವರು ಕಾಣಿಸುತ್ತಾರೆ. ಎಲ್ಲರೂ ಡಾಕ್ಟರಾಗುವವರಲ್ಲ.

‘ಯಾಕೆ ಫಾರ್ಮಸಿ ಸೇರಿದೆ?’ ಎಂದು ಇವರನ್ನು ಕೇಳಿದರೆ ಎರಡು ಉತ್ತರ ಸಿಗುತ್ತವೆ. ಕಾಲೇಜಿನ ಸಂದರ್ಶನದಲ್ಲಿ ಹೇಳುವುದು ಒಂದು: ಜನಸೇವೆ, ಆರೋಗ್ಯ ಕ್ಷೇತ್ರ, ಸಂಶೋಧನೆ. ಕ್ಯಾಂಟೀನಿನಲ್ಲಿ ಹೇಳುವುದು ಇನ್ನೊಂದು: ನೀಟ್‌ನಲ್ಲಿ ಸೀಟು ಬರಲಿಲ್ಲ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ಎಂಬಿಬಿಎಸ್ ಸೀಟು ಸುಮಾರು 1.1 ಲಕ್ಷ. ಉಳಿದ ಲಕ್ಷಾಂತರ ಮಕ್ಕಳು ಜೀವಶಾಸ್ತ್ರ, ರಸಾಯನಶಾಸ್ತ್ರ ಅರೆದು ಕುಡಿದವರೇ. ಬಿ.ಫಾರ್ಮಕ್ಕೆ ನೀಟ್ ಬೇಡ. ತಮಿಳುನಾಡಿನಲ್ಲಿ ಪ್ಲಸ್ ಟು ಅಂಕಗಳ ಮೇಲೆ ಸೀಟು ಕೊಡುತ್ತಾರೆ, ನಮ್ಮಲ್ಲಿ ಕೆ–ಸಿಇಟಿ ರ್‍ಯಾಂಕಿನ ಮೇಲೆ. ನೀಟ್‌ ವಿರುದ್ಧ ವರ್ಷಗಳಿಂದ ರಾಜಕೀಯ ಹೋರಾಟ ನಡೆಸುತ್ತಿರುವ ರಾಜ್ಯದಲ್ಲಿ, ನೀಟ್ ಇಲ್ಲದೆ ಬಿಳಿ ಕೋಟು ತೊಡಿಸುವ ಕೋರ್ಸಿಗೆ ಬೇರೆಯೇ ಒಂದು ಸೆಳೆತ.

‘ಸೀಟು ಸಿಗದೆ ಬಂದೆ’ ಎನ್ನುವುದನ್ನು ಮೇಷ್ಟರುಗಳು ಕೊರತೆಯೆಂದು ತಿಳಿಯುತ್ತಾರೆ. ನನಗೆ ಹಾಗನಿಸುವುದಿಲ್ಲ. ಇಂಜಿನಿಯರಿಂಗ್ ಸೇರಿದವರಲ್ಲಿ ಎಷ್ಟು ಜನ ಸೇತುವೆ ಕಟ್ಟುವ ಕನಸು ಕಂಡು ಬಂದವರು? ಬಂದಾದ ಮೇಲೆ ಏನಾಗುತ್ತದೆ ಎಂಬುದು ಮುಖ್ಯ. ಎರಡನೇ ವರ್ಷಕ್ಕೆ ಬರುವಾಗ ಕೆಲವರಿಗೆ ನಿಜಕ್ಕೂ ರುಚಿ ಹತ್ತಿರುತ್ತದೆ. ಪುಡಿಯನ್ನು ಹದವಾದ ಕಾಳಾಗಿಸಿ ಯಂತ್ರದಲ್ಲಿ ಒತ್ತಿ ಮೊದಲ ಮಾತ್ರೆ ತೆಗೆದ ದಿನ, ಅದು ಬೆರಳಿನಲ್ಲಿ ಪುಡಿಯಾಗದೆ ನಿಂತಿತೆಂದು ಹಿಗ್ಗುವವರು ಇದ್ದಾರೆ. ಔಷಧಿ ದೇಹದೊಳಗೆ ಏನು ಮಾಡುತ್ತದೆ ಎಂದು ಹೇಳುವ ಫಾರ್ಮಕಾಲಜಿಗೆ ಮನಸೋಲುವವರೂ ಇದ್ದಾರೆ.

ಬೇರೆ ಬೇರೆ ದಾರಿಯಿಂದ ಬಂದವರೂ ಉಂಟು. ಅಪ್ಪನ ಮೆಡಿಕಲ್ ಶಾಪಿಗೆ ಸ್ವಂತ ಸರ್ಟಿಫಿಕೇಟು ಬೇಕೆಂದು ಎರಡು ವರ್ಷದ ಡಿ.ಫಾರ್ಮಕ್ಕೆ ಬಂದವನಿಗೆ ಯಾವ ಗೊಂದಲವೂ ಇಲ್ಲ, ತರಗತಿಯಲ್ಲಿ ಅತ್ಯಂತ ನೆಮ್ಮದಿಯ ಮನುಷ್ಯ ಅವನೇ. ನರ್ಸಿಂಗ್ ಆದರೆ ನೈಟ್ ಡ್ಯೂಟಿ, ಇದಾದರೆ ಮರ್ಯಾದೆಯ ಕೆಲಸ ಎಂದು ಮಗಳನ್ನು ಕಳುಹಿಸಿದ ತಂದೆ ತಾಯಂದಿರಿದ್ದಾರೆ. ಆ ‘ಮರ್ಯಾದೆ’ಯ ಲೆಕ್ಕದಲ್ಲಿ ಮೆಡಿಕಲ್ ಶಾಪಿನ ಕೌಂಟರ್ ಸೇರಿಲ್ಲ ಎಂಬುದು ಮಗಳಿಗೂ ಗೊತ್ತು, ಅಪ್ಪನಿಗೂ ಗೊತ್ತು.

ಇಲ್ಲೇ ಇರುವುದು ತೊಡಕು. ಇಡೀ ಔಷಧ ಲೋಕದಲ್ಲಿ ಫಾರ್ಮಸಿಸ್ಟರಿಗೇ ಮೀಸಲು ಎಂದು ಫಾರ್ಮಸಿ ಕಾಯಿದೆ ಬೇಲಿ ಹಾಕಿಕೊಟ್ಟಿರುವ ಜಾಗ ಔಷಧಿ ಕೈಗೆ ಕೊಡುವ ಆ ಕೌಂಟರ್. ಕಂಪನಿಯ ಸಂಶೋಧನೆಗೆ ಎಂ.ಎಸ್ಸಿ. ಆದವರು ಪೈಪೋಟಿಗೆ ಬರುತ್ತಾರೆ, ಮಾರಾಟಕ್ಕೆ ಯಾವ ಪದವೀಧರನಾದರೂ ಬರುತ್ತಾನೆ, ಮೆಡಿಕಲ್ ಕೋಡಿಂಗ್‌ಗೆ ಬಯೋಟೆಕ್‌ನವರೂ ನರ್ಸಿಂಗ್‌ನವರೂ ಬರುತ್ತಾರೆ. ಯಾರೂ ಬರಬಾರದೆಂದು ಬೇಲಿ ಇರುವ ಆ ಒಂದು ಜಾಗದಿಂದ ಪದವೀಧರರು ಓಡುತ್ತಿದ್ದಾರೆ.

ಓಟಕ್ಕೆ ಹಳೆಯ ಕಾರಣವಿದೆ. ನಮ್ಮ ಅಜ್ಜಂದಿರ ಕಾಲಕ್ಕೆ ಔಷಧಿ ಕೊಡುತ್ತಿದ್ದವನು ಕಾಂಪೌಂಡರ್. ಡಾಕ್ಟರ ಕೋಣೆಯ ಪಕ್ಕದ ಕಿಂಡಿಯಲ್ಲಿ ಕೂತು ಮಿಕ್ಸ್‌ಚರ್ ಕಲಸಿ, ಬಾಟಲಿಗೆ ಡೋಸಿನ ಗುರುತಿನ ಕಾಗದ ಅಂಟಿಸಿ ಕೊಡುತ್ತಿದ್ದ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಔಷಧಿ ತಯಾರಿಕೆಯ ತರಗತಿಗಳು 1860ರ ಸುಮಾರಿಗೇ ಶುರುವಾಗಿದ್ದರೂ, ದೇಶದ ಉದ್ದಗಲಕ್ಕೆ ಈ ಕೆಲಸಕ್ಕೆ ಓದು ಬೇಕೆಂಬ ಭಾವನೆಯೇ ಇರಲಿಲ್ಲ. 1930–31ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಸಮಿತಿ ದೇಶ ಸುತ್ತಿ, ಔಷಧಿಗಳ ಗುಣಮಟ್ಟಕ್ಕೂ ಅವನ್ನು ಮಾರುವವರ ತರಬೇತಿಗೂ ಕಾನೂನು ಬೇಕೆಂದು ಬರೆಯಿತು. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹದೇವ ಲಾಲ್ ಶ್ರಾಫ್ ಪದವಿ ಮಟ್ಟದ ಪಾಠ ಆರಂಭಿಸಿದರು. ಆದರೆ ಶ್ರಾಫರ ಮನಸ್ಸಿನಲ್ಲಿದ್ದದ್ದು ಸ್ವದೇಶಿ ಔಷಧ ಕಾರ್ಖಾನೆ. ಹೀಗಾಗಿ ಭಾರತದ ಫಾರ್ಮಸಿ ಪದವಿ ಮೊದಲಿನಿಂದಲೂ ಕಾರ್ಖಾನೆಯ ಕಡೆ ಮುಖ ಮಾಡಿಯೇ ಬೆಳೆಯಿತು. ಅಗ್ಗದ ಔಷಧಿಯನ್ನು ಜಗತ್ತಿಗೆ ಮಾರುವ ದೇಶವೊಂದು ಅದರಿಂದ ಹುಟ್ಟಿತು, ನಿಜ. ಕೌಂಟರ್ ಮಾತ್ರ ಡಿಪ್ಲೊಮಾದವರ ಪಾಲಿಗೆ, ಆಮೇಲೆ ಡಿಪ್ಲೊಮಾ ಕೂಡ ಇಲ್ಲದವರ ಪಾಲಿಗೆ ಬಿತ್ತು.

ಈ ಮುಖವನ್ನು ರೋಗಿಯ ಕಡೆ ತಿರುಗಿಸಲು ನಡೆದ ದೊಡ್ಡ ಪ್ರಯತ್ನದಲ್ಲಿ ಕನ್ನಡ ನಾಡಿನ ಕೈ ದೊಡ್ಡದು. ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ 1973ರಲ್ಲಿ ಮೈಸೂರಿನಲ್ಲಿ, 1980ರಲ್ಲಿ ತಮಿಳುನಾಡಿನ ಊಟಿಯಲ್ಲಿ ಫಾರ್ಮಸಿ ಕಾಲೇಜು ತೆರೆಯಿತು. ಬಡಗರ, ತಮಿಳರ, ಕನ್ನಡಿಗರ ನೀಲಗಿರಿಯಲ್ಲಿ ಮೈಸೂರಿನ ಮಠವೊಂದರ ಕಾಲೇಜು. ಇಂದು ಕೇಂದ್ರದ ಎನ್‌ಐಆರ್‌ಎಫ್ ಫಾರ್ಮಸಿ ಪಟ್ಟಿಯ ಮೊದಲ ಹತ್ತರೊಳಗೆ ಅದರ ಹೆಸರು ಕಾಣುವುದು ಮಾಮೂಲಾಗಿದೆ. 1990ರ ದಶಕದ ಕೊನೆಗೆ ಈ ಎರಡು ಕಾಲೇಜುಗಳು ‘ಫಾರ್ಮಸಿ ಪ್ರಾಕ್ಟೀಸ್’ ಎಂಬ ಸ್ನಾತಕೋತ್ತರ ಕೋರ್ಸನ್ನು ಆಸ್ಟ್ರೇಲಿಯಾದ ಅಡಿಲೇಡಿನ ತಜ್ಞರ ನೆರವಿನಿಂದ ಶುರು ಮಾಡಿದವು. ಲ್ಯಾಬಿನಲ್ಲಿ ಇಲಿ ಹಿಡಿಯುತ್ತಿದ್ದ ವಿದ್ಯಾರ್ಥಿ ಮೊದಲ ಸಲ ಡಾಕ್ಟರ ಜತೆ ವಾರ್ಡಿನ ರೌಂಡ್ಸಿಗೆ ಹೋದ. ಈ ರೋಗಿಗೆ ಮೂತ್ರಪಿಂಡ ಸರಿಯಿಲ್ಲ, ಈ ಡೋಸ್ ಜಾಸ್ತಿಯಾಯಿತು ಎಂದು ಹೇಳುವ ಧೈರ್ಯ ಕಲಿತ. ಮೈಸೂರಿನ ಜಿ. ಪಾರ್ಥಸಾರಥಿ, ಅಡಿಲೇಡಿನ ಕರಿನ್ ನೈಫೋರ್ಟ್–ಹ್ಯಾನ್ಸನ್ ಮತ್ತು ಮಿಲಾಪ್ ನಹತಾ ಸಂಪಾದಿಸಿದ ಪಠ್ಯಪುಸ್ತಕ 2004ರಲ್ಲಿ ಬಂತು. ಕ್ಲಿನಿಕಲ್ ಫಾರ್ಮಸಿ ಓದುವವರ ಮೇಜಿನ ಮೇಲೆ ಈಗಲೂ ಅದು ಇದೆ.

2008ರಲ್ಲಿ ಆರು ವರ್ಷದ ಫಾರ್ಮ್.ಡಿ ಬಂತು. ಐದು ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಆಗ ಭಾರತೀಯ ಫಾರ್ಮಸಿ ಪರಿಷತ್ತಿನ ಅಧ್ಯಕ್ಷರಾಗಿದ್ದವರು ಊಟಿಯ ಅದೇ ಕಾಲೇಜಿನ ಪ್ರಾಂಶುಪಾಲರಾಗಿದ್ದ ಬಿ. ಸುರೇಶ್. ಉದ್ದೇಶ ಚೆನ್ನಾಗಿತ್ತು: ಭಾರತದ ಆಸ್ಪತ್ರೆಗಳಿಗೆ ಔಷಧಿಯ ಬಗ್ಗೆ ಮಾತಾಡಬಲ್ಲ ಪರಿಣತರನ್ನು ತಯಾರು ಮಾಡುವುದು. ಆದರೆ ಅದಾಗಲೇ ಇದ್ದ ಅಮೆರಿಕದ ಒಂದು ನಿಯಮ ಈ ಕೋರ್ಸಿನ ಅರ್ಥವನ್ನೇ ಬದಲಿಸಿತು. 2003ರಿಂದೀಚೆಗೆ ಪದವಿ ಪಡೆದ ವಿದೇಶಿ ಫಾರ್ಮಸಿಸ್ಟರು ಅಲ್ಲಿನ ಅರ್ಹತಾ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ ಐದು ವರ್ಷದ ಕೋರ್ಸು ಓದಿರಬೇಕು. ನಾಲ್ಕು ವರ್ಷದ ಬಿ.ಫಾರ್ಮ್ ಅಲ್ಲಿಗೆ ನಡೆಯದು. ಫಾರ್ಮ್.ಡಿ ನಡೆಯುತ್ತದೆ. ದಕ್ಷಿಣದ ಮನೆಗಳಲ್ಲಿ ಫಾರ್ಮ್.ಡಿ ಎಂದರೆ ಅಮೆರಿಕ ಎಂಬ ಲೆಕ್ಕಾಚಾರ ಹುಟ್ಟಿದ್ದು ಹೀಗೆ. ಅಲ್ಲಿ ಹೋಗಿ ಈ ಹುಡುಗರು ಮಾಡುವ ಕೆಲಸ ಯಾವುದು? ಹೆಚ್ಚಿನವರದು ಔಷಧಿ ಅಂಗಡಿಯ ಕೌಂಟರೇ. ಆರ್ಕಾಟ್ ರಸ್ತೆಯಲ್ಲಿ ಅವಮಾನ ಎನಿಸಿದ್ದು ಟೆಕ್ಸಸ್‌ನಲ್ಲಿ ಹೆಮ್ಮೆಯಾಗುತ್ತದೆ. ಅಲ್ಲಿ ಫಾರ್ಮಸಿಸ್ಟ್ ಒಪ್ಪದೆ ಮಾತ್ರೆ ಹೊರಗೆ ಹೋಗುವುದಿಲ್ಲ, ಸಂಬಳವೂ ಅದಕ್ಕೆ ತಕ್ಕಂತೆ ಇರುತ್ತದೆ. ಕೆನಡಾ, ಕೊಲ್ಲಿ ದೇಶಗಳ ಪರೀಕ್ಷೆಗೆ ತಯಾರಾಗುವವರ ಲೆಕ್ಕವೂ ಇದೇ.

ಹಾಗಾಗಿ ‘ನಮ್ಮ ಹುಡುಗರಿಗೆ ಕೌಂಟರ್ ಕೆಲಸ ಬೇಡ’ ಎಂಬ ದೂರು ಪೂರ್ತಿ ನಿಜವಲ್ಲ. ಅವರಿಗೆ ಬೇಡವಾಗಿರುವುದು ಇಲ್ಲಿನ ಕೌಂಟರ್.

ಇಲ್ಲೇ ಉಳಿಯುವವರ ದಾರಿಗಳು ಚೆನ್ನೈನಲ್ಲಿ ಬಹಳ. ಅಂಬತ್ತೂರು, ಗಿಂಡಿಯ ಕಟ್ಟಡಗಳಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್ಲಿಗೆ ಸಂಕೇತ ಹಾಕುವ ಮೆಡಿಕಲ್ ಕೋಡಿಂಗ್ ಕಂಪನಿಗಳಿವೆ. ಎ.ಸಿ., ಕ್ಯಾಬ್, ತಿಂಗಳಿಗೆ ಸರಿಯಾಗಿ ಸಂಬಳ. ನಾಲ್ಕು ವರ್ಷ ಕಲಿತದ್ದರಲ್ಲಿ ಕಾಲು ಭಾಗವೂ ಬೇಕಾಗುವುದಿಲ್ಲ ಎಂಬ ಕೊರಗು ಮೊದಲ ಆರು ತಿಂಗಳು ಇರುತ್ತದೆ, ಆಮೇಲೆ ಇರುವುದಿಲ್ಲ. ಔಷಧಿಗಳ ಅಡ್ಡ ಪರಿಣಾಮ ದಾಖಲಿಸುವ ಫಾರ್ಮಕೋವಿಜಿಲೆನ್ಸ್ ಕೆಲಸವೂ ಬೆಂಗಳೂರು, ಚೆನ್ನೈಗಳಲ್ಲಿ ಹೆಚ್ಚುತ್ತಿದೆ. ಸರ್ಕಾರದ ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಲ್ಲಿ ಶುರುವಾದ ಮೇಲೆ ದೊಡ್ಡ ಆಸ್ಪತ್ರೆಗಳಲ್ಲೂ ಅಂಥ ಕೇಂದ್ರಗಳು ಬಂದವು. ಓದು ಮುಂದುವರಿಸುವವರು ಜಿಪ್ಯಾಟ್ ಬರೆದು ಎಂ.ಫಾರ್ಮಕ್ಕೆ ಹೋಗುತ್ತಾರೆ. ಬೈಕು ಹತ್ತಿ ಡಾಕ್ಟರುಗಳ ಬಾಗಿಲು ಕಾಯುವ ರೆಪ್ ಕೆಲಸಕ್ಕೂ ಒಂದಷ್ಟು ಜನ.

ಸರ್ಕಾರಿ ಕೆಲಸದ ಆಸೆಯವರಿಗೆ ಕನಸಿನ ಹುದ್ದೆ ಡ್ರಗ್ಸ್ ಇನ್‌ಸ್ಪೆಕ್ಟರ್. ಕೆಪಿಎಸ್‌ಸಿ, ಟಿಎನ್‌ಪಿಎಸ್‌ಸಿ ಯಾವಾಗ ಕರೆಯುತ್ತವೆ ಎಂದು ಕಾಯುವವರ ದಂಡೇ ಇದೆ. ಈ ಹುದ್ದೆಯ ಮೇಲಿನ ಮೋಹಕ್ಕೆ ಅಧಿಕಾರ, ಜೀಪು, ಭದ್ರತೆ ಮಾತ್ರ ಕಾರಣ ಎಂದು ಹಗುರವಾಗಿ ಮಾತಾಡುತ್ತಿದ್ದವರು 2025ರ ಅಕ್ಟೋಬರ್ ಆದ ಮೇಲೆ ಸ್ವಲ್ಪ ತಡೆದು ಮಾತಾಡಬೇಕಾಯಿತು.

ಬೆಂಗಳೂರಿನಿಂದ ಚೆನ್ನೈಗೆ ಬಸ್ಸಿನಲ್ಲಿ ಬರುವವರು ಶ್ರೀಪೆರುಂಬುದೂರಿಗೆ ಮೊದಲು ಸುಂಗುವಾರ್‌ಛತ್ರಂ ಎಂಬ ಊರು ದಾಟುತ್ತಾರೆ. ಅಲ್ಲಿನ ಸಣ್ಣ ಕಾರ್ಖಾನೆಯೊಂದು ತಯಾರಿಸಿದ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ ಕುಡಿದು ಮಧ್ಯಪ್ರದೇಶದ ಛಿಂದವಾಡಾ ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವಿಫಲವಾಗಿ ಸತ್ತರು. ತಮಿಳುನಾಡಿನ ಔಷಧ ನಿಯಂತ್ರಣ ಇಲಾಖೆಯ ಪರೀಕ್ಷೆಯಲ್ಲಿ ಸಿರಪ್ಪಿನಲ್ಲಿ ಶೇ 48.6ರಷ್ಟು ಡೈಎಥಿಲಿನ್ ಗ್ಲೈಕಾಲ್ ಸಿಕ್ಕಿತು. ಇರಬಹುದಾದ ಮಿತಿ ಶೇ 0.1. ಕೈಗಾರಿಕೆಗೆ ಬಳಸುವ ಈ ವಿಷ ಸಿರಪ್ಪಿಗೆ ಹಾಕುವ ದ್ರಾವಕದ ಜತೆ ಬೆರೆತು ಬರಬಹುದು, ಆದ್ದರಿಂದ ಡ್ರಮ್ ತೆರೆಯುವಾಗಲೇ ಪರೀಕ್ಷಿಸಬೇಕು ಎಂಬುದು ಬಿ.ಫಾರ್ಮ್ ವಿದ್ಯಾರ್ಥಿಗೆ ಗೊತ್ತಿರುವ ಪಾಠ. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಇದೇ ವಿಷದಿಂದ ಸತ್ತ ಪ್ರಕರಣ ಪುಸ್ತಕದಲ್ಲಿದೆ. ವಿಜಯಾ ಆಸ್ಪತ್ರೆ ಶುರುವಾದ ಅದೇ 1972ರಲ್ಲಿ ಇದೇ ಮದ್ರಾಸಿನಲ್ಲಿ ಮಕ್ಕಳು ಇದೇ ವಿಷಕ್ಕೆ ಬಲಿಯಾದದ್ದು ತರಗತಿಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಕೋಲ್ಡ್ರಿಫ್ ತಯಾರಿಸಿದ ಕಾರ್ಖಾನೆಯ ಲೈಸೆನ್ಸ್ ರದ್ದಾಯಿತು, ಬಂಧನಗಳಾದವು. ಗುಣಮಟ್ಟ ಪರೀಕ್ಷೆಯ ಕೋಣೆಯಲ್ಲಿ ಕೂರುವ ವ್ಯಕ್ತಿ ‘ಈ ಬ್ಯಾಚ್ ಹೋಗಕೂಡದು’ ಎಂದು ಮಾಲೀಕನ ಮುಖಕ್ಕೆ ಹೇಳಬಲ್ಲನೇ? ಫಾರ್ಮಸಿ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇಲ್ಲ. ಸಿಲಬಸ್ಸಿನಲ್ಲಿ ಪರೀಕ್ಷೆಯ ವಿಧಾನ ಇದೆ, ಮಾಲೀಕನಿಗೆ ಎದುರಾಡುವ ಪಾಠ ಇಲ್ಲ.

ಇಷ್ಟೆಲ್ಲ ಆಗುವಾಗ ಕಾಲೇಜುಗಳು ಮಾತ್ರ ಹೆಚ್ಚುತ್ತಲೇ ಇವೆ. ಮಿತಿಮೀರಿತೆಂದು ಪರಿಷತ್ತು 2019ರಲ್ಲಿ ಐದು ವರ್ಷ ಹೊಸ ಕಾಲೇಜು ಬೇಡ ಎಂದು ತಡೆ ಹಾಕಿತು. ಕಾಲೇಜುಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟಿನ ತೀರ್ಪಿಗೆ ಹೆಸರು ಕೊಟ್ಟ ಪ್ರತಿವಾದಿ ಹಾಸನದ ರಾಜೀವ್ ಫಾರ್ಮಸಿ ಕಾಲೇಜು. ಶಿಕ್ಷಣ ಸಂಸ್ಥೆ ತೆರೆಯುವುದು ಮೂಲಭೂತ ಹಕ್ಕು, ಬರೀ ನಿರ್ಣಯ ಮಾಡಿ ಅದನ್ನು ತಡೆಯಲಾಗದು ಎಂದು 2022ರ ಸೆಪ್ಟೆಂಬರಿನಲ್ಲಿ ಕೋರ್ಟು ಹೇಳಿತು. ಕಾನೂನಿನ ಪ್ರಕಾರ ಸರಿಯೇ. ಆದರೆ ಸೀಟು ಸಲೀಸಾದಷ್ಟೂ ಸರ್ಟಿಫಿಕೇಟಿನ ಬಾಡಿಗೆ ಇಳಿಯುತ್ತದೆ, ಕೌಂಟರಿನ ಸಂಬಳವೂ ಇಳಿಯುತ್ತದೆ. ಅದೇ ವರ್ಷ ಡಿ.ಫಾರ್ಮ್ ಮುಗಿಸಿದವರಿಗೆ ನಿರ್ಗಮನ ಪರೀಕ್ಷೆಯ ನಿಯಮ ಬಂತು. ಪಾಸಾಗದೆ ನೋಂದಣಿ ಇಲ್ಲ. ಕಾಲೇಜಿಗೇ ಬಾರದೆ ಡಿಪ್ಲೊಮಾ ಕೈಗೆ ಬರುವ ಊರುಗಳಿರುವಾಗ ಇದು ಬೇಕಾದ ಕೆಲಸ, ತಡವಾಗಿ ಬಂತು ಅಷ್ಟೇ.

ಇನ್ನು ಫಾರ್ಮ್.ಡಿ.ಯವರ ‘ಡಾ.’ ಜಗಳ. ಹೆಸರಿನ ಹಿಂದೆ ಹಾಕಿಕೊಂಡರೆ ವೈದ್ಯರ ಸಂಘಗಳಿಗೆ ಸಿಟ್ಟು, ಹಾಕಿಕೊಳ್ಳದಿದ್ದರೆ ಆರು ವರ್ಷ ಓದಿದ್ದೇಕೆ ಎಂದು ವಿದ್ಯಾರ್ಥಿಗಳಿಗೆ ಸಿಟ್ಟು. ನನ್ನ ಮಟ್ಟಿಗೆ ಇದು ಹೊತ್ತು ಕಳೆಯುವ ಜಗಳ. ದೊಡ್ಡ ಪ್ರಶ್ನೆ ಹುದ್ದೆಯದು. ಮೊದಲ ತಂಡ 2014ರಲ್ಲಿ ಹೊರಬಂತು. ಪರಿಷತ್ತು 2021ರ ತಿದ್ದುಪಡಿಯಲ್ಲಿ ‘ಕ್ಲಿನಿಕಲ್ ಫಾರ್ಮಸಿಸ್ಟ್’ ಎಂಬ ಹುದ್ದೆಯನ್ನು ನಿಯಮಗಳಲ್ಲಿ ಸೇರಿಸಿತು. ನಿಯಮದಲ್ಲಿರುವುದು ಆಸ್ಪತ್ರೆಯ ಸಂಬಳದ ಪಟ್ಟಿಗೆ ಬರಬೇಕಾದರೆ ರಾಜ್ಯ ಸರ್ಕಾರಗಳು ಹುದ್ದೆ ಮಂಜೂರು ಮಾಡಬೇಕು. ಸರ್ಕಾರಿ ಆಸ್ಪತ್ರೆಯ ಔಷಧಿ ಕಿಂಡಿಗೆ ಇವತ್ತಿಗೂ ಬೇಕಾದ ಮೂಲ ಅರ್ಹತೆ ಡಿ.ಫಾರ್ಮ್. ಆರು ವರ್ಷ ಓದಿದ ಮಗಳು ಎರಡು ವರ್ಷ ಓದಿದವರ ಸಾಲಿನಲ್ಲಿ ನಿಂತು ಅದೇ ಹುದ್ದೆಗೆ ಅರ್ಜಿ ಹಾಕುವುದನ್ನು ನೋಡುವ ಅಪ್ಪ ಮುಂದಿನ ವರ್ಷ ನೆಂಟರ ಮಗುವಿಗೆ ಏನು ಸಲಹೆ ಕೊಡುತ್ತಾನೆ ಎಂಬುದನ್ನು ಊಹಿಸಬಹುದು.

ಕೌಂಟರಿಗೆ ಪದವೀಧರರನ್ನು ಕರೆತರುವ ಒಂದು ಹೊಸ ಪ್ರಯೋಗ ತಮಿಳುನಾಡಿನಲ್ಲೇ ನಡೆದಿದೆ. 1994ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಖರೀದಿಸುವ ನಿಗಮ ಕಟ್ಟಿ ದೇಶಕ್ಕೆ ಮಾದರಿಯಾದ ರಾಜ್ಯ ಇದು. 2025ರ ಫೆಬ್ರುವರಿ 24ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ‘ಮುದಲ್ವರ್ ಮರುಂದಗಂ’ ಹೆಸರಿನ ಸಾವಿರ ಅಗ್ಗದ ಔಷಧಿ ಅಂಗಡಿಗಳನ್ನು ಒಂದೇ ದಿನ ಉದ್ಘಾಟಿಸಿದರು. ಬಿ.ಫಾರ್ಮ್, ಡಿ.ಫಾರ್ಮ್ ಆದವರೇ ಅಂಗಡಿ ಹಾಕುವುದಾದರೆ 3 ಲಕ್ಷ ರೂಪಾಯಿ ಸಹಾಯಧನ. ಕೇಂದ್ರದ ಜನೌಷಧಿ ಕೇಂದ್ರಗಳಿಗೆ ಇದು ರಾಜಕೀಯ ಉತ್ತರ ಎಂದವರಿದ್ದಾರೆ. ಇರಬಹುದು. ಆದರೆ ಕೆಲಸಕ್ಕೆಂದು ಸರ್ಟಿಫಿಕೇಟು ಹಿಡಿದು ಅಲೆಯುವವನಿಗೆ ನೀನೇ ಮಾಲೀಕನಾಗು ಎನ್ನುವುದು ಸಣ್ಣ ಮಾತಲ್ಲ. ಅಂಗಡಿ ನಡೆಯಬೇಕಲ್ಲ ಎಂಬುದು ಮಾತ್ರ ನಿಜವಾದ ಅಂಜಿಕೆ. ಅಗ್ಗದ ಔಷಧಿಯಲ್ಲಿ ಲಾಭವೂ ಅಗ್ಗ. ಎದುರುಗಡೆ ಆರು ಸಾವಿರಕ್ಕೂ ಮಿಕ್ಕಿ ಮಳಿಗೆಗಳಿರುವ ಅಪೊಲೊ, ಮೊಬೈಲಿನಲ್ಲಿ ರಿಯಾಯಿತಿ ಕೊಡುವ ಆನ್‌ಲೈನ್ ಕಂಪನಿಗಳು. ಅವುಗಳಲ್ಲಿ ಹೆಸರಾದ ನೆಟ್‌ಮೆಡ್ಸ್ ಹುಟ್ಟಿದ್ದೂ ಚೆನ್ನೈನಲ್ಲೇ, 2020ರಲ್ಲಿ ಅದು ರಿಲಯನ್ಸ್ ಪಾಲಾಯಿತು.

ಅಂಗಡಿ ಯಾರದಾದರೂ ಇರಲಿ, ಕೌಂಟರಿನ ಕೆಲಸ ಇದ್ದೇ ಇರುತ್ತದೆ. ಆ್ಯಂಟಿಬಯಾಟಿಕ್, ಕ್ಷಯದ ಔಷಧಿ, ನಿದ್ದೆ ಮಾತ್ರೆಗಳಂಥ ಎಚ್1 ಪಟ್ಟಿಯವನ್ನು ಮಾರುವಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧಿ, ಪ್ರಮಾಣ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. 2014ರ ಮಾರ್ಚಿನಿಂದ ಈ ನಿಯಮ ಇದೆ. ಜಗತ್ತೆಲ್ಲ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ ತಲೆ ಕೆಡಿಸಿಕೊಂಡಿರುವಾಗ ಭಾರತದಲ್ಲಿ ಅದರ ಮುಂಚೂಣಿಯ ಕಾವಲು ಈ ರಿಜಿಸ್ಟರ್. ಅದನ್ನು ಬರೆಯುವ ಕೈ ಯಾರದು, ಆ ಕೈಗೆ ತಿಂಗಳಿಗೆ ಎಷ್ಟು ಸಿಗುತ್ತದೆ ಎಂಬುದರ ಮೇಲೆ ಅದರಲ್ಲಿ ಬರೆದದ್ದು ನಿಜವೋ ಸುಳ್ಳೋ ನಿಂತಿದೆ. ಮೆಟ್ರೊ ನಿಲ್ದಾಣದ ಬಳಿ ಬಿಳಿ ಕೋಟು ಮಡಚಿ ಹಿಡಿದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಕಾಲೇಜಿನ ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಮೆಡಿಕಲ್ ಶಾಪಿನ ಹೆಸರು ಬಂದರೆ ಅವರು ಸಂದರ್ಶನಕ್ಕೆ ಹೋಗುತ್ತಾರೋ ಇಲ್ಲವೋ ಎಂಬುದು ಸಂಬಳದ ಆ ಸಾಲನ್ನು ನೋಡಿದ ಮೇಲೆ ತೀರ್ಮಾನವಾಗುತ್ತದೆ.